ಮಾಸ್ತರರ ಎದುರು ಕುಳಿತುಕೊಳ್ಳುವುದು

ನನ್ನ ಮೊಮ್ಮಗಳು ವಿಶ್ವವಿದ್ಯಾಲಯದಲ್ಲಿ ಕ್ರೀಡಾ ವಿಜ್ಞಾನ ಓದುತ್ತಾಳೆ. ಬೈಲಹೊಂಗಲದ ಪೇಟೆಯಲ್ಲಿ ಯಾರಾದರೂ ಅದನ್ನು ಹೊಗಳಿದರೆ ನಾನು ತಲೆಯಾಡಿಸುತ್ತೇನೆ. ಹೊಟ್ಟೆಯೊಳಗೆ ಮಾತ್ರ ಸಣ್ಣಗೆ ಉರಿಯುತ್ತದೆ.

ನಾನು ಇದೇ ಊರಿನ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ನಮ್ಮ ಕಾಲಕ್ಕೆ ಒಂದು ವರ್ಷದ ತರಬೇತಿ: ಲಾಠಿ, ಲೇಜಿಮ್, ಕವಾಯತು, ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವುದು. ಓಡಿದವನಿಗೆ ಏದುಸಿರು ಏಕೆ ಬರುತ್ತದೆಂದು ಒಮ್ಮೆ ಕೇಳಿದ್ದೆ. ‘ಓಡಿದ್ದಕ್ಕ ಬರತೈತಿ’ ಎಂದು ಹೇಳಿ ಗುರುಗಳು ಮುಂದಿನ ಪಾಠಕ್ಕೆ ಹೋದರು. ಮೊಮ್ಮಗಳು ಅದನ್ನೇ ಇಡೀ ವರ್ಷ ಓದಿದ್ದಾಳೆ. ಬಾಯಿ ಮೂಗಿಗೆ ಮುಖವಾಡ ಕಟ್ಟಿ, ಬಿಟ್ಟ ಉಸಿರನ್ನು ಅಳೆಯುವ ಯಂತ್ರ ಅವರಲ್ಲಿದೆ. ಅದನ್ನು ಕಟ್ಟಿಕೊಂಡು ತಾನು ಓಡುವ ವಿಡಿಯೊ ತೋರಿಸಿದಳು. ‘ಮೊಣಕಾಲು ಇನ್ನೂ ಎತ್ತಬೇಕು’ ಎಂದೆ. 

ಈ ಬೇಸಿಗೆ ರಜೆಗೆ ಅವಳು ಪ್ರಾಜೆಕ್ಟ್ ಕೆಲಸ ತಂದಿದ್ದಳು. ಅರವತ್ತು ದಾಟಿದವರ ಕಾಲಿನಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂದು ನೋಡುವುದು. ಹತ್ತಿ ವ್ಯಾಪಾರಿಯೊಬ್ಬನ ಅಂಗಡಿಯ ಮುಂದೆ ನಿಂತು ಒಂದು ಮಾತು ಹೇಳಿದಳು, ಅಷ್ಟೇ. ಮರುದಿನ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಜನ ಸೇರಿದರು. ಎಲ್ಲರೂ ನನ್ನ ಹಳೆಯ ವಿದ್ಯಾರ್ಥಿಗಳು. ನಿವೃತ್ತನಾದ ಮೇಲೆ ವ್ಯಾಯಾಮಕ್ಕೆ ಬನ್ನಿ ಎಂದು ಇದೇ ಮಂದಿಯನ್ನು ವರ್ಷಗಟ್ಟಲೆ ಕರೆದಿದ್ದೆ. ಆಗ ಒಬ್ಬನಿಗೆ ಮೊಣಕಾಲು ನೋವು, ಇನ್ನೊಬ್ಬನಿಗೆ ಪೂಜೆ, ಮತ್ತೊಬ್ಬನಿಗೆ ಹೊಲ.

ಮನೆಯಲ್ಲಿರಲು ಆಗಲಿಲ್ಲ. ಮೈದಾನಕ್ಕೆ ಹೋದೆ.

ಕೈಯಿಲ್ಲದ ಒಂದು ಕುರ್ಚಿ. ಎದೆಯ ಮೇಲೆ ಕೈಕಟ್ಟಿ, ಅರ್ಧ ನಿಮಿಷದಲ್ಲಿ ಆದಷ್ಟು ಸಲ ಎದ್ದು ಕುಳಿತುಕೊಳ್ಳಬೇಕು. ವ್ಯಾಪಾರಿ ಕುಳಿತಿದ್ದ. ನನ್ನನ್ನು ಕಂಡದ್ದೇ ಎದ್ದು ನಿಂತು ಕೈಮುಗಿದ. ಕಟ್ಟೆಯ ಮೇಲಿದ್ದವರೂ ಎದ್ದರು.

‘ಕುಂದರ್ರಿ ಕಾಕಾ, ಶುರು ಮಾಡೂಣು’ ಎಂದಳು ಮೊಮ್ಮಗಳು.

‘ಸರ ನಿಂತಾರವಾ. ನಾ ಹೆಂಗ ಕುಂದರ್ಲಿ?’

‘ಅವರಿಗೂ ಒಂದು ಕುರ್ಚಿ ಹಾಕತೇನಿ.’

‘ಹಾಕಿದ್ರೂ ಅವರ ಸರಿಸಮ ಕುಂದರಾಕ ಬರೂದಿಲ್ಲ.’

‘ಅವರ ಮುಂದ ಕುಂತ್ರ ನನಗ ಇನ್ನೂ ಬೆನ್ನ ಚುರ್ ಅಂತೈತಿ, ಡಾಕ್ಟರ್ ಬಾಯಾರ’ ಎಂದ ಹಿಂದಿನಿಂದ ಒಬ್ಬ ನಿವೃತ್ತ ಕಂಡಕ್ಟರ್. ಎಲ್ಲರೂ ನಕ್ಕರು.

ನನಗೆ ಹಿತವಾಯಿತು. ಯಂತ್ರ ಅವಳದ್ದು, ಇವರು ನನ್ನವರು.

‘ತಡಿ, ನಾ ಹೇಳತೇನಿ’ ಎಂದೆ. ಶಾಲೆಯೊಳಗಿನಿಂದ ಕುರ್ಚಿ ತರಿಸಿ ಸಾಲಾಗಿ ಇಡಿಸಿದೆ. ಗಂಟಲು ಇನ್ನೂ ಕೈಕೊಟ್ಟಿಲ್ಲ. ‘ಕೂಡು’ ಎಂದರೆ ಕುಳಿತರು, ‘ಏಳು’ ಎಂದರೆ ಎದ್ದರು. ಒಬ್ಬನೂ ಹಿಂದೆ ಬೀಳಲಿಲ್ಲ, ಮುಂದೆ ಹೋಗಲಿಲ್ಲ. ಅಷ್ಟು ಚಂದದ ಸಾಲನ್ನು ನೋಡಿ ಬಹಳ ವರ್ಷವಾಗಿತ್ತು.

‘ನೋಡಿದಿ?’ ಎಂದೆ.

ಅವಳು ಮೊದಲು ನಕ್ಕಳು. ಆಮೇಲೆ ನಗಲಿಲ್ಲ. ‘ಅಜ್ಜಾ, ಎಲ್ಲಾರದೂ ಒಂದ ಲೆಕ್ಕ ಬಂತು. ಯಾರ ಕಾಲಾಗ ಎಷ್ಟು ಶಕ್ತಿ ಐತಿ ಅಂತ ನನಗ ಬೇಕಾಗಿತ್ತು. ಇದು ನಿಮ್ಮ ದನಿ ಶಕ್ತಿ.’

ಕಂಡಕ್ಟರ್ ಏದುಸಿರು ಬಿಡುತ್ತ ಮೊಣಕಾಲು ಒತ್ತಿಕೊಳ್ಳುತ್ತಿದ್ದ.

‘ಇವರು ದಣಿವಾರಿಸಿಕೊಂಡ ಮ್ಯಾಲೆ ಮತ್ತ ಮಾಡಬೇಕು. ನಾಳೆ ನಾ ಹೋಗಬೇಕು. ಇವತ್ತ ಆಗಲಿಲ್ಲಂದ್ರ ಇಷ್ಟೂ ಕೆಲಸ ಹಾಳು. ನೀವು...’

ಅವಳು ಗೇಟಿನತ್ತ ನೋಡಿದಳು. ಆ ಮೈದಾನದಿಂದ ನಾನು ಎಷ್ಟೋ ಹುಡುಗರನ್ನು ಹೊರಗೆ ಕಳಿಸಿದ್ದೇನೆ. ನನ್ನನ್ನು ಯಾರೂ ಕಳಿಸಿರಲಿಲ್ಲ. ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಆದರೆ ಮನೆಗೆ ಹೋಗದೆ ಗೋಡೆಯ ಆಚೆ ಬೇವಿನ ಮರದ ಕೆಳಗೆ ನಿಂತೆ. ಬಹಳ ಹೊತ್ತಿನ ಮೇಲೆ ಅವಳ ದನಿ ಕೇಳಿತು. ‘ಅವಸರ ಮಾಡಬ್ಯಾಡ್ರಿ ಕಾಕಾ, ನಿಮ್ಮ ತಾಕತ್ತಿದ್ದಷ್ಟ.’ ಮೆತ್ತಗಿನ ದನಿ. ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಗತಿಯಲ್ಲಿ ಎದ್ದು ಕುಳಿತರು. ಕುರ್ಚಿ ಸದ್ದಿಗೆ ತಾಳವೇ ಇಲ್ಲ. ಪಾಳಿ ಕಾಯುತ್ತಿದ್ದವರು ಕುಳಿತವನನ್ನು ಕಾಡಿಸುತ್ತಿದ್ದರು, ಅವಳೂ ನಗುತ್ತಿದ್ದಳು. ನನ್ನ ಮೈದಾನದಲ್ಲಿ ಕವಾಯತಿನ ಹೊತ್ತಿಗೆ ಯಾರೂ ನಕ್ಕದ್ದಿಲ್ಲ. ಯಂತ್ರಕ್ಕಿಂತ, ಪದವಿಗಿಂತ ಆ ನಗುವೇ ನನ್ನನ್ನು ಹೆಚ್ಚು ಉರಿಸಿತು.

ಮಧ್ಯಾಹ್ನ ಅವಳು ಹಸಿದು ಬಂದಳು. ರೊಟ್ಟಿ ಬಡಿಸುತ್ತ ಕೇಳಿದೆ, ‘ಆತೇನವಾ?’

‘ಆತು. ಅಂಗಡಿ ಕಾಕಾನ ಎಲ್ಲಾರಕಿಂತ ಮುಂದ.’

‘ಅಂವಾ? ಸಾಲಾಗ ನೆಟ್ಟಗ ನಿಂದರಾಕ ಬರತಿರಲಿಲ್ಲ ಅವಗ.’

‘ಸಾಲ ಇರಲಿಲ್ಲಲ್ಲ ಅಜ್ಜಾ’ ಎಂದು ಅವಳು ಇನ್ನೊಂದು ರೊಟ್ಟಿಗೆ ಕೈಚಾಚಿದಳು.