ಟೈಲರ್ ಸಮಾಧಾನಪ್ಪನ ಕಳ್ಳತನ

ಭೂಮಂಡಲದಲ್ಲಿ ಸೂಜಿ ಹುಟ್ಟಿದಾಗಿನಿಂದ ಯಾವ ದರ್ಜಿಯೂ ಕೈಹಾಕದ ಸಾಹಸವೊಂದನ್ನು ತುಮಕೂರಿನ ಶಿರಾ ಗೇಟಿನ ಟೈಲರ್ ಸಮಾಧಾನಪ್ಪ ದಿನವೂ ಮಾಡುತ್ತಿದ್ದ. ಗಿರಾಕಿಯ ಬಟ್ಟೆಯಲ್ಲಿ ಹೊಲಿದು ಮಿಕ್ಕದ್ದನ್ನು ವಾಪಸು ಕೊಡುತ್ತಿದ್ದ. ಮಿಕ್ಕದ್ದು ಎಂದರೆ ಅರ್ಧ ಗಜ, ಕಾಲು ಗಜ ಎಂದುಕೊಳ್ಳಬೇಡಿ. ಕಂಕುಳ ಕೆಳಗೆ ಕತ್ತರಿಸಿದ ಮೂರು ಮೂಲೆಯ ಚೂರು, ಕಾಲರಿನ ಅಂಚು, ಉಗುರಿನಷ್ಟಗಲದ ತುಣುಕು, ಎಲ್ಲವನ್ನೂ ಅದೇ ಬಟ್ಟೆಯ ಪಟ್ಟಿಯಿಂದ ಗಂಟು ಕಟ್ಟಿ, ಹೊಸ ಅಂಗಿಯ ಜೇಬಿನಲ್ಲಿಟ್ಟು ಕೊಡುತ್ತಿದ್ದ. ಗಿರಾಕಿಗಳು ಅಂಗಿ ತೊಟ್ಟು ಜೇಬಿಗೆ ಕೈಹಾಕಿ ಇಲಿ ಸಿಕ್ಕಿತೆಂದು ಕಿರುಚಿದ್ದೂ ಉಂಟು.

ಪಕ್ಕದ ಸೈಕಲ್ ಶಾಪಿನ ಗುಂಡಯ್ಯ ಈ ಮಹಾಪುರುಷನ ಆಸ್ಥಾನ ವಿದ್ವಾಂಸ. ಒಂದು ಸಲ ಗಾಳಿಗೆ ಹಾರಿದ ಚೂರೊಂದನ್ನು ಹಿಡಿಯಲು ಸಮಾಧಾನಪ್ಪ ರಸ್ತೆ ದಾಟಿ ಓಡಿದ್ದು ನಿಜ. ಗುಂಡಯ್ಯನ ಬಾಯಲ್ಲಿ ಆ ಓಟ ಮೊದಲ ತಿಂಗಳು ಕೆರೆ ಏರಿ ಮುಟ್ಟಿತು, ಮರುವರ್ಷ ಶಿರಾ ಊರನ್ನೇ ಮುಟ್ಟಿತು. ಗಾಡಿಯ ಎತ್ತೊಂದು ಚೂರು ತಿಂದುಬಿಟ್ಟಿತೆಂದು ಸಮಾಧಾನಪ್ಪ ಆ ಎತ್ತಿನ ಹಿಂದೆ ಎರಡು ದಿನ ಭಕ್ತಿಯಿಂದ ಕಾದು ನಿಂತಿದ್ದನೆಂಬ ಅಧ್ಯಾಯವನ್ನು ಅವನು ಹಬ್ಬದ ದಿನಗಳಲ್ಲಿ ಮಾತ್ರ ಹೇಳುತ್ತಿದ್ದ. ಕೇಳಿದವರು ನಂಬಿದರು. ಹುಲಿಯೂರುದುರ್ಗದಿಂದ ಒಬ್ಬ ಆ ಗಂಟು ನೋಡುವುದಕ್ಕೆಂದೇ ಬಸ್ಸು ಹತ್ತಿ ಬಂದು ಬೇಡದ ಅಂಗಿಯೊಂದನ್ನು ಹೊಲಿಸಿಕೊಂಡು ಹೋದ.

ಸಮಾಧಾನಪ್ಪನಿಗೆ ಮಾತ್ರ ಇದರಲ್ಲಿ ತಮಾಷೆ ಏನೂ ಇರಲಿಲ್ಲ. ಅವನ ಅಪ್ಪ ಮಿಷನ್ ಶಾಲೆಯ ತೋಟದ ಮಾಲಿ, ಮನೆತನದಲ್ಲಿ ಮೊದಲು ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರಿಸ್ತಾನನಾದವನು. ಮಗನ ಕೈಗೆ ಕತ್ತರಿ ಬಂದ ದಿನ ಅವನು ಹೇಳಿದ್ದು ಇಷ್ಟು: "ದಿನಾ ಪ್ರಾರ್ಥನೇಲಿ ಮೊದ್ಲು ಏನ್ಲಾ ಕೇಳ್ಕತೀವಿ? ಪರಲೋಕದಲ್ಲಿರೋ ಅಪ್ಪನ ಹೆಸ್ರು ಪವಿತ್ರ ಆಗ್ಲಿ ಅಂತ. ಈ ಊರ್ನೋರಿಗೆ ಆ ಹೆಸ್ರು ಗೊತ್ತಾಗೋದೇ ನಮ್ಮಿಂದ. ನೀನೊಂದು ಚೂರು ಕದ್ರೆ ಸಮಾಧಾನಪ್ಪ ಕದ್ದ ಅನ್ನಲ್ಲ ಜನ, ಕ್ರಿಸ್ತಾನ್ರು ಕದ್ರು ಅಂತಾರೆ." ಪಾಪ, ಹುಡುಗ ಇಡೀ ಪರಲೋಕದ ಮರ್ಯಾದೆ ತನ್ನ ಕತ್ತರಿಯ ತುದಿಯಲ್ಲಿ ನಿಂತಿದೆ ಎಂದು ನಂಬಿಕೊಂಡ. ನಲವತ್ತು ದಾಟಿದರೂ ಹಾಗೇ ನಂಬಿಕೊಂಡಿದ್ದ.

೧೯೫೭ರಲ್ಲಿ, ಮದುವೆಯಾಗಿ ಹನ್ನೊಂದು ವರ್ಷಕ್ಕೆ, ಅವನಿಗೂ ಹೆಂಡತಿ ಜೀವರತ್ನಮ್ಮನಿಗೂ ಹೆಣ್ಣುಮಗು ಹುಟ್ಟಿತು. ಕೃಪಾವತಿ ಎಂದು ಹೆಸರಿಟ್ಟರು. ಐದನೆಯ ತಿಂಗಳಿಗೆ ಜ್ವರ ಬಂತು. ಮೂರನೆಯ ಬೆಳಿಗ್ಗೆ ಮಗು ಹೋಯಿತು.

ಚರ್ಚಿನ ಸಭೆಯವರು ಬಂದರು, ಸಂಜೆ ನಾಲ್ಕಕ್ಕೆ ಮಣ್ಣು ಎಂದು ನಿಶ್ಚಯವಾಯಿತು. ಮಗುವಿಗೆ ಒಂದು ಬಿಳಿ ಫ್ರಾಕ್ ಬೇಕು. ಹೊಲಿಯುವವನು ಮನೆಯಲ್ಲೇ ಇದ್ದಾನೆ, ಯಾರೂ ಬೇರೆ ಯೋಚನೆ ಮಾಡಲಿಲ್ಲ. ಸಮಾಧಾನಪ್ಪ ಅಂಗಡಿಯ ಬಾಗಿಲು ತೆಗೆದು ಒಳಗೆ ಹೋದ. ಕಪಾಟಿನಲ್ಲಿ ಅವನದೇ ಬಿಳಿ ಲಾಂಗ್‌ಕ್ಲಾತ್ ಇತ್ತು. ಒರಟು, ಆದರೆ ಸಾಕಾಗುವಷ್ಟು. ಮೇಜಿನ ಮೇಲೆ ಗುಬ್ಬಿಯ ಕೊಬ್ಬರಿ ಸಾಹುಕಾರ ಮಹಾಲಿಂಗಯ್ಯನವರ ನವಿರಾದ ಬಿಳಿ ಮಲ್ ಬಟ್ಟೆ ಇತ್ತು, ತಮ್ಮನ ಮದುವೆಗೆ ಮನೆಯ ಗಂಡಸರಿಗೆಲ್ಲ ಜುಬ್ಬ ಹೊಲಿಯಲು ಕಳಿಸಿದ್ದು. ಸಮಾಧಾನಪ್ಪ ಎರಡನ್ನೂ ಕೈಯಲ್ಲಿ ಹಿಡಿದ. ಲಾಂಗ್‌ಕ್ಲಾತನ್ನು ಕೆಳಗಿಟ್ಟ. ಮಲ್ಲಿನಲ್ಲಿ ಮುಕ್ಕಾಲು ಗಜ ಕತ್ತರಿಸಿದ. ಕತ್ತರಿ ಸದ್ದೂ ಮಾಡಲಿಲ್ಲ, ಅಷ್ಟು ನಯ.

ಜೀವರತ್ನಮ್ಮ ಮಗುವಿಗೆ ಫ್ರಾಕ್ ತೊಡಿಸುವಾಗ, "ಇಷ್ಟು ಒಳ್ಳೇ ಬಟ್ಟೆ ಯಾವಾಗ ತಂದ್ರಿ?" ಎಂದಳು. ಅವನು ಪೆಟ್ಟಿಗೆಗೆ ಮೊಳೆ ಹುಡುಕುತ್ತಿರುವವನಂತೆ ಆಚೆ ಹೋದ.

ಜುಬ್ಬಗಳನ್ನು ಅಂಚಿನಲ್ಲಿ ಒಂದೊಂದು ಬೆರಳು ಕಡಿಮೆ ಮಡಿಸಿ ಹೊಲಿದ. ಗಂಟು ಸಣ್ಣದಾಯಿತು. ಗುಬ್ಬಿಯಿಂದ ಬಂದ ಆಳು ಹೊತ್ತುಕೊಂಡು ಹೋದ. ಮದುವೆಯೂ ಆಯಿತು. ಯಾರೂ ಏನೂ ಕೇಳಲಿಲ್ಲ. ಆದರೆ ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಕರ್ತನು ಕಲಿಸಿದ ಪ್ರಾರ್ಥನೆ ಹೇಳುವಾಗ ಸಮಾಧಾನಪ್ಪನಿಗೆ ಹೆಸರು ಪವಿತ್ರವಾಗಲಿ ಎಂಬ ಆ ಮೊದಲ ಕೋರಿಕೆ ಬಾಯಿಂದ ಹೊರಡಲಿಲ್ಲ. ನಾಲ್ಕು ಭಾನುವಾರ ಅದನ್ನು ಬಿಟ್ಟು ಮುಂದಿನದಕ್ಕೆ ಹಾರಿದ. ಐದನೆಯ ವಾರ ಗುಬ್ಬಿಯ ಬಸ್ಸು ಹತ್ತಿದ.

ಮಹಾಲಿಂಗಯ್ಯನವರು ಮಂಡಿಯ ಜಗಲಿಯ ಮೇಲೆ ದಿಂಬಿಗೊರಗಿ ಕೂತಿದ್ದರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. "ಓಹೋ, ಗಂಟಿನ ಟೈಲರ್ರು! ಬಾರಪ್ಪ, ಕೂತ್ಕೊ" ಎಂದರು.

"ಕೂರಕ್ಕೆ ಬಂದಿಲ್ಲ ಸಾವ್ಕಾರ್ರೇ. ನಿಮ್ಮ ಬಟ್ಟೇಲಿ ಮುಕ್ಕಾಲು ಗಜ ಕದ್ದಿದೀನಿ."

ಸಾಹುಕಾರರು ಎಲೆಯಡಿಕೆ ಉಗುಳಿ ಬಂದು ಮತ್ತೆ ಕೇಳಿದರು. ಅವನು ಮತ್ತೆ ಹೇಳಿದ. ಅವರು ದಿಂಬಿನ ಮೇಲೆ ಬಿದ್ದು ನಕ್ಕರು.

"ನೀನು? ಕಳ್ಳತನ? ಎತ್ತಿನ ಸಗಣೀಲೂ ಚೂರು ಹುಡುಕ್ದೋನು! ಲೋ, ನಿಜ ಹೇಳು, ಯಾರುನ್ನ ಮರೆಸ್ತಾ ಇದೀಯ?"

"ಯಾರುನ್ನೂ ಇಲ್ಲ. ನಾನೇ."

"ಅಂಗಡೀಲಿ ಇನ್ಯಾರವ್ರೆ ನಿನಗೆ? ಹೆಂಡ್ತಿ ಒಬ್ಬಳು." ಅವರು ಕಣ್ಣು ಕಿರಿದು ಮಾಡಿ ತಾವೇ ಲೆಕ್ಕ ಬಿಡಿಸಿಕೊಂಡರು. "ಗೊತ್ತಾಯ್ತು ಬುಡು. ಹೆಣ್ಣುಮಕ್ಕಳು ಆಸೆಗೆ ಒಂದು ತುಂಡು ಎತ್ಕಂಡಿರ್ತಾರೆ. ಅದ್ನ ನಿನ್ನ ತಲೆ ಮೇಲೆ ಹಾಕ್ಕೊಂಡು ಹನ್ನೆರಡು ಮೈಲಿ ಬಂದಿದೀಯಲ್ಲ! ಎಂಥಾ ದೇವ್ರಯ್ಯ ನಿಂದು, ಇಂಥೋನ್ನ ಮಾಡವ್ನೆ!"

ಸಮಾಧಾನಪ್ಪ ಅಳು ಬಂದು ಕೈ ಆಡಿಸಿದ. ಸಾಹುಕಾರರು ಆ ಅಳುವನ್ನೂ ತಮ್ಮ ಕಥೆಗೇ ಸೇರಿಸಿಕೊಂಡು, ಒಂದು ತೆಂಗಿನಕಾಯಿ ಕೈಗಿತ್ತು ಕಳಿಸಿಬಿಟ್ಟರು.

ಕಥೆ ಅವನಿಗಿಂತ ಮೊದಲಿನ ಬಸ್ಸಿಗೆ ತುಮಕೂರು ಸೇರಿತು. ಅವನು ಇಳಿಯುವಷ್ಟರಲ್ಲಿ ಗುಂಡಯ್ಯ ಪಂಕ್ಚರಿನ ಟ್ಯೂಬು ಕೈಯಲ್ಲಿ ಹಿಡಿದೇ ಹರಿಕಥೆ ಆರಂಭಿಸಿದ್ದ. ಹೆಂಡತಿಯ ತಪ್ಪನ್ನು ಹೆಗಲಿಗೇರಿಸಿಕೊಂಡು ಗುಬ್ಬಿಯ ಬೀದಿಯಲ್ಲಿ ಮೊಣಕಾಲೂರಿ ನಡೆದ ಸಮಾಧಾನಪ್ಪ, ಅವನ ಕಾಲಿಗೆ ಬಿದ್ದ ಸಾಹುಕಾರ!

"ಗುಂಡಯ್ಯ, ಸುಳ್ಳು ಕಣೋ ಅದು. ಕದ್ದಿದ್ದು ನಾನು. ನನ್ನ ಕೈಯಾರೆ ಕತ್ತರಿಸ್ದೆ."

"ಹೇಳ್ತಾನೆ, ಇನ್ನೇನು ಹೇಳ್ತಾನೆ!" ಗುಂಡಯ್ಯ ಕಣ್ಣೊರೆಸಿಕೊಂಡ. ಟ್ಯೂಬಿನ ಮಸಿ ಮುಖಕ್ಕೆಲ್ಲ ಆಯಿತು. "ನೋಡ್ರಪ್ಪ, ಈಗ್ಲೂ ಬುಟ್ಟುಕೊಡಲ್ಲ ಹೆಂಡ್ತೀನ!"

ಹೀಗೆ ಇಡೀ ಮೈಸೂರು ಸೀಮೆಯಲ್ಲಿ ತಪ್ಪೊಪ್ಪಿಕೊಂಡರೂ ಕಳ್ಳನಾಗಲು ಬಾರದ ಏಕೈಕ ಕಳ್ಳ ಸಮಾಧಾನಪ್ಪನಾದ. ಹೇಳಿದಷ್ಟೂ ಅವನ ಪ್ರಭಾವಳಿ ದೊಡ್ಡದಾಯಿತು, ಹೆಂಡತಿಯ ಮುಖ ಕಪ್ಪಾಯಿತು. ಚರ್ಚಿನ ಬೆಂಚಿನಲ್ಲಿ ಜೀವರತ್ನಮ್ಮ ಕೂತರೆ ಪಕ್ಕದವರು ತಮ್ಮ ಕೈಚೀಲವನ್ನು ಇನ್ನೊಂದು ಮಗ್ಗುಲಿಗೆ ಇಟ್ಟುಕೊಂಡರು. ಎರಡನೆಯ ಭಾನುವಾರ ಅವಳು ಮನೆಗೆ ಬಂದು, ಗಂಡನನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು.

"ನಾನು ಯಾವ ಬಟ್ಟೆ ಕದ್ದೆನಂತೆ ರೀ?"

ಅವನು ಹೇಳಿದ. ಮೊದಲಿನಿಂದ ಕಡೆಯವರೆಗೆ ಹೇಳಿದ. ಭೂಮಿಯ ಮೇಲೆ ಅವನ ಮಾತನ್ನು ನಂಬಿದವಳು ಅವಳೊಬ್ಬಳೇ.

"ಮಗೀಗೆ ಕದ್ದ ಬಟ್ಟೆ ತೊಡಿಸಿಬಿಟ್ಟೆನಾ ನಾನು?" ಎಂದಳು. "ನನ್ನ ಕೈಲೇ ಗುಂಡಿ ಹಾಕಿಸಿದ್ರಲ್ಲ ರೀ."

ಮರುದಿನ ಅವಳು ಕುಣಿಗಲ್ಲಿಗೆ, ಅಕ್ಕನ ಮನೆಗೆ ಹೋದಳು. ಹದಿನೈದು ದಿನ ಬಿಟ್ಟು ಅವನು ಕರೆಯಲು ಹೋದ. ಅಕ್ಕ ಕಾಫಿ ಕೊಟ್ಟಳು, ಮಾತು ಕೊಡಲಿಲ್ಲ. ಜೀವರತ್ನಮ್ಮ ಹಿತ್ತಲ ಬಾಗಿಲಲ್ಲಿ ರಾಗಿ ಕೇರುತ್ತ ಮೊರದ ಮೇಲಿಂದ ಕಣ್ಣೆತ್ತಲಿಲ್ಲ.

"ಬಾ ರತ್ನ. ಅನ್ನೋ ಜನ ನಾಲ್ಕು ದಿನ ಅಂತಾರೆ, ಮರೀತಾರೆ."

"ಅವ್ರು ಮರೆಯೋದು ಬೇಡ. ಸಭೆ ಮುಂದೆ, ಎಲ್ಲಾರೂ ಕೇಳೋ ಹಂಗೆ ನೀವು ಹೇಳ್ಬೇಕು. ಅಲ್ಲೀತಂಕ ನಾನು ಬರಲ್ಲ."

"ಹೇಳ್ತಾನೇ ಇದೀನಿ ಕಣೇ. ಒಬ್ರೂ ನಂಬ್ತಾ ಇಲ್ಲ!"

"ಅಳ್ತಾ ಹೇಳಿದ್ರೆ ಯಾರು ನಂಬ್ತಾರೆ? ನೀವು ತಲೆ ತಗ್ಗಿಸಿ ಅತ್ತಾಗೆಲ್ಲ ಅವರಿಗೆ ನೀವು ದೇವರ ಹಂಗೆ ಕಾಣ್ತೀರ." ಅವಳು ಒಂದು ಕಲ್ಲು ಆರಿಸಿ ಎಸೆದಳು. "ನಿಮಗೂ ಸ್ವಲ್ಪ ಹಿತವಾಗೇ ಇದೆ ಅದು."

ಆ ಮಾತು ತಗುಲಿತು, ಯಾಕೆಂದರೆ ಸುಳ್ಳಾಗಿರಲಿಲ್ಲ. ಗುಂಡಯ್ಯ ಕಥೆ ಹೇಳುವಾಗ ಅವನು ಒಂದೆರಡು ಸಲ ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿ ಕೇಳಿದ್ದ. ವಾಪಸು ಬರುವ ಬಸ್ಸಿನಲ್ಲಿ ಅದನ್ನೇ ನೆನೆದು ಅವನಿಗೆ ಮೈಯೆಲ್ಲ ಹೊಲಸಾದಂತೆ ಅನ್ನಿಸಿತು. ಮುಕ್ಕಾಲು ಗಜ ಕದ್ದದ್ದಕ್ಕೆ ಒಂದು ಕಾರಣವಾದರೂ ಇತ್ತು. ಈ ಹೊಗಳಿಕೆ ಕದ್ದದ್ದಕ್ಕೆ ಏನು ಕಾರಣ? ಅಪ್ಪ ಹೆದರಿದ್ದು ಕ್ರಿಸ್ತಾನರು ಕದ್ದರು ಎಂದು ಊರು ಅಂದೀತೆಂದು. ಈಗ ಊರೆಲ್ಲ ಆ ಹೆಸರನ್ನು ಕೊಂಡಾಡುತ್ತಿದೆ, ಒಬ್ಬ ಹೆಂಗಸನ್ನು ತುಳಿದುಕೊಂಡು ನಿಂತ ಸುಳ್ಳಿನ ಮೇಲೆ. ಇದಕ್ಕಿಂತ ಬೈಗುಳವೇ ವಾಸಿ.

ಚರ್ಚಿನ ಸಭಾಪಾಲಕರ ಹತ್ತಿರ ಹೋಗಿ ಹೇಳಿದ. ಅವರು ಅವನ ಹೆಗಲ ಮೇಲೆ ಕೈಯಿಟ್ಟು, "ನಿನ್ನ ನಮ್ರತೆ ದೊಡ್ಡದಪ್ಪ" ಎಂದರು. ಬರುವ ಸುಗ್ಗಿ ಹಬ್ಬದ ಆರಾಧನೆಯಲ್ಲಿ ಅವರ ಪ್ರಸಂಗ ದಿನದಿನದ ಬಾಳಿನಲ್ಲಿ ದೇವರ ನಾಮಕ್ಕೆ ಮಹಿಮೆ ತರುವುದನ್ನು ಕುರಿತೇ ಇತ್ತು. ಸಮಾಧಾನಪ್ಪ ಎದ್ದು ಸಾಕ್ಷಿ ಹೇಳಬೇಕೆಂದರು. ಅವನು ಕೂಡಲೇ ಒಪ್ಪಿದ. ಅಷ್ಟು ಬೇಗ ಒಪ್ಪಿದ್ದು ಅವರಿಗೆ ಸ್ವಲ್ಪ ಆಶ್ಚರ್ಯವಾಯಿತು.

ಕುಣಿಗಲ್ಲಿಗೆ ಒಂದು ಕಾರ್ಡು ಬರೆದ: ಭಾನುವಾರ ಹೇಳ್ತೀನಿ, ಬಾ.

ಆ ಭಾನುವಾರ ಚರ್ಚು ತುಂಬಿತು. ಬಾಳೆಗೊನೆ, ಕುಂಬಳಕಾಯಿ, ರಾಗಿ ತೆನೆಗಳ ಕಾಣಿಕೆಯ ನಡುವೆ, ವಿಭೂತಿ ಹಚ್ಚಿಕೊಂಡೇ ಬಂದ ಮಹಾಲಿಂಗಯ್ಯನವರಿಗೆ ಮುಂದಿನ ಬೆಂಚಿನಲ್ಲಿ ಜಾಗ ಕೊಟ್ಟಿದ್ದರು. ಗುಂಡಯ್ಯ ಸೈಕಲ್ ಶಾಪಿಗೆ ಬೀಗ ಹಾಕಿ, ಜೀವಮಾನದಲ್ಲಿ ಮೊದಲ ಸಲ ಸ್ನಾನದ ನಂತರ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಕಿಟಕಿಯ ಬಳಿ ನಿಂತಿದ್ದ. ಹೆಂಗಸರ ಕಡೆ, ಎಲ್ಲಕ್ಕಿಂತ ಹಿಂದಿನ ಬೆಂಚಿನ ತುದಿಯಲ್ಲಿ ಜೀವರತ್ನಮ್ಮ ಕೂತಿದ್ದಳು. ಅವಳ ಪಕ್ಕ ಇಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು.

ಸಭಾಪಾಲಕರು ಮುಕ್ಕಾಲು ಗಂಟೆ ಮಾತಾಡಿದರು. ಆ ಪ್ರಸಂಗದಲ್ಲಿ ಸಮಾಧಾನಪ್ಪ ಸಿಂಹದ ಗವಿ ಹೊಕ್ಕು ಬಂದ, ಬೆಂಕಿಯ ಕುಲುಮೆಯಲ್ಲಿ ನಡೆದಾಡಿದ, ಮುಳುಗುವ ಹಡಗುಗಳನ್ನು ದಡ ಸೇರಿಸಿದ. ಕಡೆಗೆ ಅವರು ಅವನತ್ತ ಕೈ ಚಾಚಿ, ಗದ್ಗದ ದನಿಯಲ್ಲಿ ಕೇಳಿದರು:

"ಹೇಳಪ್ಪ ಸಹೋದರ, ಇನ್ನೊಬ್ಬರ ಪಾಪವನ್ನು ನಿನ್ನ ಮೇಲೆ ಹೊತ್ತುಕೊಳ್ಳುವ ಬಲ ನಿನಗೆ ಎಲ್ಲಿಂದ ಬಂತು?"

ಸಮಾಧಾನಪ್ಪ ಎದ್ದು ನಿಂತ. ತಲೆ ತಗ್ಗಿಸಲಿಲ್ಲ, ಅಳಲಿಲ್ಲ. ಅಳತೆ ಹೇಳುವ ದನಿಯಲ್ಲೇ ಹೇಳಿದ:

"ಯಾವ ಬಲಾನೂ ಇಲ್ಲ ಅಯ್ನೋರೇ. ರತ್ನಂಗೆ ಗೊತ್ತೇ ಇರ್ಲಿಲ್ಲ. ಬಟ್ಟೆ ಮೆತ್ತಗಿತ್ತು, ಕದ್ದೆ."