ಸಾಹೇಬರ ಮುಂದೆ ಎಲ್ಲಾ ಆರಾಮ

ನೌಕರಿಯನ್ನು ಬೈಯುವುದಕ್ಕೂ ಒಂದು ಹೊತ್ತು, ಒಂದು ಜಾಗ, ಒಂದು ಪದ್ಧತಿ ಇದೆ ಎಂಬುದನ್ನು ನಾನು ಸಿಂದಗಿಯಲ್ಲಿ ಕಲಿತೆ. ಅಲ್ಲಿಯ ಒಂದು ಸರಕಾರಿ ಕಚೇರಿಯಲ್ಲಿ ಆಗ ನಾನು ಕಾರಕೂನ. ಯಾವ ಖಾತೆ ಎಂದು ಹೇಳುವ ಅಗತ್ಯವಿಲ್ಲ, ಬೈಗುಳ ಎಲ್ಲ ಖಾತೆಗಳಲ್ಲೂ ಒಂದೇ. ಮುಂಜಾನೆಯ ಚಹಾ ಬಂದ ಕೂಡಲೇ ನಾವೆಲ್ಲ ಕಚೇರಿಯ ಹಿಂದಿನ ಬೇವಿನ ಗಿಡದ ಕಟ್ಟೆಯ ಮೇಲೆ ಸೇರುತ್ತಿದ್ದೆವು. ಮೊದಲ ಗುಟುಕು ಹಿರಿಯ ಕಾರಕೂನರದು, ಮೊದಲ ಬೈಗುಳವೂ ಅವರದೇ.

“ಇದೇನ್ ನೌಕರಿಯೋ, ನಾಯಿ ಬಾಳೇವೋ,” ಎಂದು ಅವರು ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಳ್ಳುತ್ತ ಶುರು ಮಾಡುತ್ತಿದ್ದರು. “ನಾಳೇನ ರಾಜೀನಾಮೆ ಒಗದು ಹೊರ್ತಿಗೆ ಹೋಗಿ ಎರಡೆತ್ತು ಕಟ್ಟತೇನಿ. ಒಕ್ಕಲುತನ ಉತ್ತಮ, ವ್ಯಾಪಾರ ಮಧ್ಯಮ, ಚಾಕರಿ ಕನಿಷ್ಠ ಅಂತ ಹಿರ್ಯಾರು ಸುಳ್ಳ ಹೇಳ್ಯಾರೇನು?”

ಹೊರ್ತಿ ಅವರ ಸ್ವಂತ ಊರು. ಅಲ್ಲಿ ಅವರ ತಮ್ಮಂದಿರು ಜೋಳ ಬಿತ್ತಿಕೊಂಡು ಇದ್ದರು. ಒಮ್ಮೆ ಸುಗ್ಗಿಯ ಕಾಲಕ್ಕೆ ಒಬ್ಬ ತಮ್ಮ ಖುದ್ದು ಬಂದು, “ಆಳು ಸಿಗವಲ್ರು, ನಾಕ ದಿನ ಬಾರಣ್ಣಾ,” ಎಂದು ಕೈಮುಗಿದ. ಅಣ್ಣನವರು ಮುಖ ಸಣ್ಣದು ಮಾಡಿ, “ರಜಾ ಎಲ್ಲಿ ಕೊಡತಾರಪ್ಪಾ,” ಎಂದು ಅವನಿಗೆ ಚಹಾ ಕುಡಿಸಿ ಬಸ್ಸು ಹತ್ತಿಸಿದರು. ರಜೆ ಕೇಳಿದ್ದನ್ನು ನಾವು ಯಾರೂ ನೋಡಿರಲಿಲ್ಲ.

ಅವರ ನಂತರದ ಪಾಳಿ ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದವರದು. ಹಳೆಯ ಕಡತಗಳನ್ನಿಡುವ ದಫ್ತರದ ಖೋಲಿ ಅವರ ತಾಬೆಯಲ್ಲಿತ್ತು. ಸಿಂದಗಿಯ ಹಳೆಯ ಮನೆತನದ ಮುಸಲ್ಮಾನರು, ಊರಿನಲ್ಲಿ ಅರ್ಧ ಜನ ಅವರಿಗೆ ಏನಾದರೊಂದು ಬಳಗ. “ನಮ್ಮ ಅಜ್ಜನೂ ಇದ ಖೋಲ್ಯಾಗ ಇದ ಧೂಳಾ ಕುಡದಾನು,” ಎನ್ನುತ್ತಿದ್ದರು. “ಸಾಯೂತನಕ ಈ ಕಚೇರಿಗೆ ಬೈದ. ಪೆನ್ಶನ್ ಆದ ಮ್ಯಾಲೂ ದಿನಾ ಬಂದು, ಈ ಕಟ್ಟಿ ಮ್ಯಾಲೇ ಕುಂತು ಬೈತಿದ್ದ.” ಇದರಲ್ಲಿ ನಗುವಂಥದ್ದೇನಿದೆ ಎಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಮೂರನೆಯವನು ನಾನು. ವಯಸ್ಸಿನಲ್ಲಿ ಎಲ್ಲರಿಗಿಂತ ಸಣ್ಣವನಾದರೂ ಬೈಯುವುದರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ, ಯಾಕೆಂದರೆ ನನ್ನ ಬೈಗುಳಕ್ಕೆ ಕಾರಣವಿತ್ತು. ನನ್ನ ಹೆಂಡತಿ ಇಂಡಿಯಲ್ಲಿ ಹೆಣ್ಣುಮಕ್ಕಳ ಶಾಲೆಯ ಮಾಸ್ತರಿಣಿ. ಸಿಂದಗಿಯ ಶಾಲೆಯಲ್ಲಿ ಅವಳಿಗೆ ಜಾಗ ಇರಲಿಲ್ಲ, ಇಂಡಿಯ ಕಚೇರಿಯಲ್ಲಿ ನನಗೆ ಜಾಗ ಇರಲಿಲ್ಲ. ಅವಳು ಬಾಡಿಗೆದಾರರು ತುಂಬಿದ ಹಳೆಯ ವಾಡೆಯೊಂದರಲ್ಲಿ ಎರಡು ಖೋಲಿ ಹಿಡಿದು ತನ್ನ ತಾಯಿಯೊಡನೆ ಅಲ್ಲಿದ್ದಳು. ನಮಗೊಂದು ಹೆಣ್ಣು ಕೂಸು, ಆಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿತ್ತು. ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ, ಬಸ್ಸಿನ ಧೂಳನ್ನೆಲ್ಲ ಮೈಮೇಲೆ ಹೊತ್ತು ನಾನು ಹೋಗಿ ನಿಂತರೆ ಕೂಸು ಹೆದರಿ ಅಳುತ್ತಿತ್ತು. ರವಿವಾರ ಮಧ್ಯಾಹ್ನದ ಹೊತ್ತಿಗೆ ಇವನು ಕಚ್ಚುವವನಲ್ಲ ಎಂದು ನಂಬಿಕೆ ಬಂದು ಮೀಸೆ ಎಳೆಯುವಷ್ಟು ಸಲಿಗೆ ಬೆಳೆಯುತ್ತಿತ್ತು. ಅಷ್ಟರಲ್ಲಿ ಸಿಂದಗಿಯ ಬಸ್ಸು. ಮುಂದಿನ ಶನಿವಾರ ಮತ್ತೆ ಮೊದಲಿನಿಂದ. ಇಂಡಿಗೆ ವರ್ಗವಾಗುವುದೊಂದೇ ನನಗೆ ಬೇಕಾಗಿದ್ದದ್ದು, ಬೇರೆ ಯಾವ ದೊಡ್ಡ ಆಸೆಯೂ ಇರಲಿಲ್ಲ.

ಆದರೆ ವರ್ಗ ಎಂಬ ಶಬ್ದವನ್ನು ನಮ್ಮಲ್ಲಿ ಹೆದರಿಸಲಿಕ್ಕೆ ಮಾತ್ರ ಬಳಸುತ್ತಿದ್ದರು. ಸಾಹೇಬರ ಎದುರು ಬಾಯಿ ಬಿಟ್ಟರೆ ಮುದ್ದೇಬಿಹಾಳಕ್ಕೆ ಒಗೆಯುತ್ತಾರೆ ಎಂದು ಸಿಂದಗಿಯವರು ಅನ್ನುತ್ತಿದ್ದರು. ಮುದ್ದೇಬಿಹಾಳದವರನ್ನು ಇಂಡಿಯ ಹೆಸರು ಹೇಳಿ ಹೆದರಿಸುತ್ತಿದ್ದರಂತೆ. ಬಾಗೇವಾಡಿಯವರಿಗೆ ಸಿಂದಗಿಯೇ ಕರಿನೀರು. ಇಂಡಿಯವರು ಮಾತ್ರ ತಮಗೆ ರೈಲು ಸ್ಟೇಷನ್ ಇದೆ ಎಂದು ಮೆರೆಯುತ್ತಿದ್ದರು, ಅದು ಊರಿನಿಂದ ಎಷ್ಟೋ ಮೈಲು ಆಚೆ ಇದ್ದರೂ. ನಾಲ್ಕೂ ಊರಿನ ಎರೆಮಣ್ಣು ಒಂದೇ, ಬಿಸಿಲು ಒಂದೇ, ಸಂಬಳವೂ ಒಂದೇ. ಆದರೂ ಪ್ರತಿಯೊಬ್ಬನಿಗೂ ತಾನಿರುವ ಊರು ನರಕ, ಹೋಗಬಹುದಾದ ಊರು ಅದಕ್ಕಿಂತ ದೊಡ್ಡ ನರಕ.

ಹೀಗಿರುವಾಗ ರಾಜ್ಯಗಳು ಕೂಡಿದವು, ನಾವು ಮುಂಬಯಿಯವರು ಹೋಗಿ ಮೈಸೂರಿನವರಾದೆವು. ಸ್ವಲ್ಪ ಕಾಲಕ್ಕೆ ಮಂಡ್ಯದ ಕಡೆಯ ಸಾಹೇಬರೊಬ್ಬರು ನಮ್ಮ ಕಚೇರಿಗೆ ಬಂದರು. ತೆಳ್ಳಗೆ, ಮೆತ್ತಗೆ ಮಾತಾಡುವ ಸಜ್ಜನರು. ಹಿಂದಿನ ಸಾಹೇಬರೆಲ್ಲ ಈ ಕಡೆಯವರೇ ಆದ್ದರಿಂದ ಬೇವಿನ ಗಿಡದ ಕೆಳಗಿನ ಮಾತನ್ನು ಕೇಳಿಯೂ ಕೇಳದ ಹಾಗೆ ಇದ್ದರು. ಇವರ ಕಿಟಕಿ ಆ ಕಟ್ಟೆಗೇ ತೆರೆದಿತ್ತು. ಬಂದ ಮೊದಲ ವಾರವೇ ಗಾಬರಿಬಿದ್ದು ಸಿಪಾಯಿಯನ್ನು ಕರೆದರಂತೆ.

“ಏನಯ್ಯಾ ಅದು? ಯಾಕೆ ಹಾಗೆ ಜಗಳ ಆಡ್ತಿದ್ದಾರೆ?”

“ಜಗಳ ಅಲ್ರಿ ಸಾಹೇಬ್ರ,” ಎಂದನಂತೆ ಸಿಪಾಯಿ, “ಚಹಾ ಕುಡ್ಯಾಕತ್ತಾರ್ರೀ.”

ಸಾಹೇಬರಿಗೆ ನಂಬಿಕೆಯಾಗಲಿಲ್ಲ. ನಮ್ಮ ಮಾತಿನ ಗಡಸು ಅವರ ಕಿವಿಗೆ ಹೊಸದು. ದಿನಾಲು ಕಿಟಕಿಯ ಬಳಿ ಕುಳಿತು ಕೇಳಿದರು: ಒಬ್ಬರು ರಾಜೀನಾಮೆ ಕೊಡುತ್ತಾರಂತೆ, ಒಬ್ಬರಿಗೆ ಧೂಳಿನಲ್ಲಿ ಜೀವ ಹೋಗುತ್ತಿದೆಯಂತೆ, ಸಣ್ಣವನೊಬ್ಬ ಈ ಊರಿಗೆ ಬೆಂಕಿ ಹಚ್ಚಬೇಕು ಎನ್ನುತ್ತಾನೆ. ಒಳ್ಳೆಯ ಮನುಷ್ಯ ರಾತ್ರಿ ಹೇಗೆ ನಿದ್ದೆ ಮಾಡಿದರೋ. ಒಂದು ಸೋಮವಾರ ನಮ್ಮೆಲ್ಲರನ್ನೂ ತಮ್ಮ ಖೋಲಿಗೆ ಕರೆಸಿದರು. ಕುರ್ಚಿ ಹಾಕಿಸಿದ್ದರು. ಸಾಹೇಬರ ಎದುರು ಕುರ್ಚಿಯಲ್ಲಿ ಕುಳಿತು ಅಭ್ಯಾಸವಿಲ್ಲದ ನಾವು ಅಂಚಿನಲ್ಲೇ ಕುಳಿತೆವು.

“ನೋಡಿ, ನಾನು ಹೊರಗಿನಿಂದ ಬಂದವನು,” ಎಂದರು. “ನಿಮ್ಮ ಕಷ್ಟ ನನಗೆ ಗೊತ್ತಾಗಬೇಕು. ಯಾರಿಗೆ ಇಲ್ಲಿ ಬೇಜಾರಾಗಿದೆ, ಯಾರಿಗೆ ಬೇರೆ ಊರು ಬೇಕು, ಸಂಕೋಚ ಇಲ್ಲದೆ ಹೇಳಿ. ನನ್ನ ಕೈಲಾದದ್ದು ಮಾಡ್ತೀನಿ.”

ಇಂಥ ಮಾತನ್ನು ಯಾವ ಸಾಹೇಬರ ಬಾಯಿಂದಲೂ ನಾನು ಕೇಳಿರಲಿಲ್ಲ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಆದರೆ ಇಲ್ಲಿಯೂ ಪಾಳಿ ಹಿರಿಯರಿಂದಲೇ ಬರಬೇಕಲ್ಲ. ಹಿರಿಯ ಕಾರಕೂನರು ಎದ್ದು ನಿಂತರು, ಟೊಪ್ಪಿಗೆ ಸರಿ ಮಾಡಿಕೊಂಡರು.

“ಹಂಗೇನೂ ಇಲ್ರಿ ಸಾಹೇಬ್ರ. ಎಲ್ಲಾ ಆರಾಮ ಐತ್ರಿ.”

ಚಾಚಾ ಎದ್ದರು. “ತಮ್ಮ ದಯಾದಿಂದ ಎಲ್ಲಾ ಚಲೋ ಐತ್ರಿ. ಈ ಕಚೇರಿ ಅಂದ್ರ ನಮಗ ಮನಿ ಇದ್ದಂಗ್ರಿ.”

ಸಾಹೇಬರು ನನ್ನ ಕಡೆ ತಿರುಗಿದರು. ಹಿರಿಯರಿಬ್ಬರು ಆರಾಮ ಎಂದ ಮೇಲೆ ಕಿರಿಯವನು ತ್ರಾಸು ಎಂದರೆ ಅವರಿಬ್ಬರನ್ನೂ ಮುಖದ ಮೇಲೆಯೇ ಸುಳ್ಳರು ಎಂದಂತೆ. ಅದೂ ಪರವೂರ ಸಾಹೇಬರ ಎದುರು. ನಮ್ಮ ಕಡೆ ಮಗ ಅಪ್ಪನ ಜೊತೆ ಜಗಳಾಡಿ ತಲೆ ಒಡೆದುಕೊಂಡಿದ್ದರೂ ಬೀಗರು ಬಂದಾಗ ರುಮಾಲು ಸುತ್ತಿಕೊಂಡು ನಗುತ್ತಾನೆ. ನನ್ನ ಬಾಯಿಂದ ಹೊರಟದ್ದು ಇಷ್ಟೇ: “ಆರಾಮ ಐತ್ರಿ.”

ಸಾಹೇಬರ ಮುಖದಲ್ಲಿ ಎಂಥ ನಿರಾಳ! “ಅಬ್ಬಾ, ಸಿಪಾಯಿ ಹೇಳಿದ್ದೇ ನಿಜ, ಒಳ್ಳೇದಾಯ್ತು,” ಎಂದರು. “ಇಂಡಿಯಲ್ಲಿ ಒಂದು ಜಾಗ ಖಾಲಿ ಬಿದ್ದಿದೆ. ಬೇಕಾದ್ರೆ ಇಲ್ಲಿಂದ ಒಬ್ಬರನ್ನ ಕಳಿಸಿ ಅಂತ ಬಿಜಾಪುರದಿಂದ ಹೇಳಿದ್ದಾರೆ. ಬೇಜಾರಾದವರು ಯಾರಾದ್ರೂ ಇದ್ರೆ ಕಳಿಸೋಣ ಅಂತಿದ್ದೆ. ನೀವೆಲ್ಲ ಇಷ್ಟು ಸಂತೋಷವಾಗಿರುವಾಗ ಯಾರನ್ನೂ ಕೀಳೋದು ಬೇಡ. ಮುದ್ದೇಬಿಹಾಳದಿಂದ ತೊಗೊಳ್ಳಲಿ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನದು ಬಾಯಿಗೇ ಬಂದಿತ್ತು, ನಾನೇ ತುಟಿ ಮುಚ್ಚಿದ್ದೆ. ಹೊರಗೆ ಬಂದ ಕೂಡಲೇ ಹಿರಿಯ ಕಾರಕೂನರು ಎದೆಯ ಮೇಲೆ ಕೈಯಿಟ್ಟುಕೊಂಡು, “ಪಾರಾದ್ವಿ ನೋಡು,” ಎಂದರು. ಇಂಡಿಯಿಂದ ಹೊರ್ತಿ ಹತ್ತಿರ. ಎರಡೆತ್ತು ಕಟ್ಟುವ ಮನುಷ್ಯ ಎತ್ತಿನ ಸಮೀಪ ಹೋಗುವ ಸಂದರ್ಭ ತಪ್ಪಿದ್ದಕ್ಕೆ ಬೆವರು ಒರೆಸಿಕೊಳ್ಳುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು.

“ನನ್ನ ಹೇಣ್ತಿ ಕೂಸು ಇಂಡ್ಯಾಗ ಅದಾರಂತ ನಿಮಗ ಗೊತ್ತಿಲ್ಲೇನ್ರಿ ಅಣ್ಣಾರ? ಒಂದ ಮಾತು ಅಂದಿದ್ರ ಏನ್ ಗಂಟು ಹೋಗ್ತಿತ್ತು?”

ಅವರು ನಿಜಕ್ಕೂ ಚಕಿತರಾದರು. “ಗೊತ್ತಿತ್ತಪ್ಪಾ. ಆದ್ರ ನೀ ದಿನಾ ನಮ್ಮಂಗನ ಬೈತಿದ್ದಿ. ನಿಂದೂ ನಮ್ಮಂಗ ಬರೇ ಬಾಯಿಮಾತು ಅಂತ ತಿಳದಿದ್ದೆ.”

ಕಟ್ಟೆಯ ಮೇಲೆ ಕುಳಿತು ವರ್ಷಗಟ್ಟಲೆ ನಾನು ಅತ್ತದ್ದೆಲ್ಲ ಅವರ ಲೆಕ್ಕದಲ್ಲಿ ಚಹಾದ ಸಂಗಡದ ಚುರುಮುರಿಯಾಗಿತ್ತು.

ಮಧ್ಯಾಹ್ನ ಧೈರ್ಯ ಮಾಡಿ ಒಬ್ಬನೇ ಸಾಹೇಬರ ಬಳಿ ಹೋದೆ. ಹೆಂಡತಿಯ ಸಮೀಪ ಇರಬೇಕು ಎಂದು ಹೇಳಲು ನಾಲಿಗೆ ಏಳಲಿಲ್ಲ. ಆಗಿನ ಕಾಲಕ್ಕೆ ಸರಕಾರಿ ಖೋಲಿಯಲ್ಲಿ ನಿಂತು ಹಾಗೆ ಹೇಳುವ ಗಂಡಸು ಈ ಜಿಲ್ಲೆಯಲ್ಲಿ ಹುಟ್ಟಿರಲಿಲ್ಲ. “ಇಂಡಿಗೆ ನಾನ ಹೋಗ್ತೇನ್ರಿ ಸಾಹೇಬ್ರ, ನಂದೇನೂ ಅಡ್ಡಿ ಇಲ್ರಿ,” ಎಂದೆ. ಸಾಹೇಬರ ಕಣ್ಣು ತೇವವಾದಂತೆ ಕಂಡಿತು.

“ಮುದ್ದೇಬಿಹಾಳದವರಿಗೆ ತೊಂದರೆ ಆಗದಿರಲಿ ಅಂತ ನೀವು ಹೋಗ್ತೀನಿ ಅಂತೀರಲ್ಲ!” ಎಂದರು. “ನಿಮ್ಮಂಥ ಒಳ್ಳೆಯವರನ್ನ ಇಷ್ಟಪಟ್ಟ ಊರಿನಿಂದ ಕಿತ್ತರೆ ನನಗೆ ಪಾಪ ಬರುತ್ತೆ. ಹೋಗಿ, ನಿಶ್ಚಿಂತೆಯಿಂದ ಕೆಲಸ ಮಾಡಿ.”

ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಯಾವ ಮೇಲಧಿಕಾರಿಯೂ ಮತ್ತೆಂದೂ ಆಡಲಿಲ್ಲ. ಅದೊಂದು ಸಲ ಅವರು ಸ್ವಲ್ಪ ಕೆಟ್ಟವರಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಶನಿವಾರ ಇಂಡಿಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೊನೆಯವರೆಗೂ ಕೈ ನಿಲ್ಲಿಸಲಿಲ್ಲ.

“ಅಳದ ಕೂಸಿಗೆ ಹಡದಾಕೀನೂ ಹಾಲು ಕುಡಸಂಗಿಲ್ಲ ಅಂತಾರ,” ಎಂದಳು. “ನೀವು ಅಳೂದರಾಗ ಏನೂ ಕಡಿಮಿ ಮಾಡಿಲ್ರಿ. ಹಾಲಿನವ್ರು ಬಂದಾಗ ಅಷ್ಟ ನಕ್ರಿ.”

ಅವಳಿಗೂ ಶಾಲೆಯಲ್ಲಿ ಸುಖವೇನಿರಲಿಲ್ಲ. ಕೂಸನ್ನು ತಾಯಿಯ ಬಳಿ ಬಿಟ್ಟು ಹೋಗಿ, ಊರವರ ಮಕ್ಕಳಿಗೆ ಮಗ್ಗಿ ಕಲಿಸಿ, ಸಂಜೆ ಬಂದು ಒಲೆ ಹೊತ್ತಿಸುತ್ತಿದ್ದಳು. ಆದರೆ ಅವಳು ನೌಕರಿಯನ್ನು ಬೈದದ್ದನ್ನು ನಾನು ಎಂದೂ ಕೇಳಿಲ್ಲ. ಅವಳಿಗೆ ಕೂಡಲು ಕಟ್ಟೆಯೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ.

ಮುಂದಿನ ತಿಂಗಳು ಮುದ್ದೇಬಿಹಾಳದ ಕಾರಕೂನ ಇಂಡಿಗೆ ಬಂದು ಹಾಜರಾದ. ಬಾಡಿಗೆಗೆ ಖೋಲಿ ಹುಡುಕುತ್ತ ಬಂದವನಿಗೆ ಸಿಕ್ಕದ್ದು ನಮ್ಮದೇ ವಾಡೆಯ ಮುಂದಿನ ಖೋಲಿ. ಒಂದು ಶನಿವಾರ ನಾನು ಹೋದಾಗ ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದ. ನಾನು ಯಾರೆಂದು ತಿಳಿದ ಕೂಡಲೇ ನೌಕರರ ಕುಲಾಚಾರದಂತೆ ಶುರು ಹಚ್ಚಿಕೊಂಡ.

“ಇದೂ ಒಂದು ಊರೇನ್ರಿ? ಈ ನೌಕರಿಗೆ ಬೆಂಕಿ ಹಚ್ಚಬೇಕು ನೋಡ್ರಿ.”

ನನ್ನ ಜಾಗದಲ್ಲಿ ಕುಳಿತು, ನನಗೆ ಬೇಕಾದ ಊರಲ್ಲಿ ಉಂಡು ಮಲಗಿ, ಅದನ್ನು ನನಗೇ ಬೈದು ತೋರಿಸುತ್ತಾನಲ್ಲ ಎಂದು ಮೈ ಉರಿಯಿತು. “ಅಷ್ಟು ಬ್ಯಾಡಾಗಿದ್ರ ಯಾಕ್ ಬಂದ್ರಿ? ಬರಂಗಿಲ್ಲ ಅನ್ನಬೇಕಿಲ್ಲೋ?” ಎಂದೆ.

“ಎಲ್ಲಿ ಅನ್ನೂದ್ರಿ? ನಮ್ಮ ಸಾಹೇಬ್ರು ಎಲ್ಲಾರನ್ನೂ ಕರದು ಏನರೆ ತ್ರಾಸ ಐತೇನು ಅಂದ್ರು. ಹಿರ್ಯಾರು ಆರಾಮ ಐತಿ ಅಂದ್ರು, ನಾನೂ ಆರಾಮ ಐತಿ ಅಂದೆ. ಇಷ್ಟು ಆರಾಮ ಇದ್ದವನು ಎಲ್ಲಿ ಹೋದ್ರೂ ಆರಾಮ ಇರ್ತಾನು ಅಂತ ನನ್ನನ್ನ ಕಳಿಸಿದ್ರು.”

ಅಷ್ಟರಲ್ಲಿ ನನ್ನ ಮಗಳು ಒಳಗಿನಿಂದ ತಪ್ಪುಹೆಜ್ಜೆ ಇಡುತ್ತ ಹೊರಬಂದಳು. ಅವಳು ನಡೆಯುವುದನ್ನು ನಾನು ಆಗಲೇ ಮೊದಲು ನೋಡಿದ್ದು. ಎರಡೂ ಕೈ ಚಾಚಿದೆ. ಅವಳು ನನ್ನನ್ನು ಒಮ್ಮೆ ನೋಡಿ, ನೇರ ಹೋಗಿ ಅವನ ಮೊಣಕಾಲು ಹಿಡಿದು ಮುಖ ಮುಚ್ಚಿಕೊಂಡಳು. ಅವನಿಗೆ ನಾಚಿಕೆಯಾಯಿತು.

“ಹೋಗವಾ, ನಿಮ್ಮಪ್ಪ ಬಂದಾನ,” ಎಂದು ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಅವನು ಅವಳ ತಲೆಯ ಮೇಲೆ ಕೈಯಾಡಿಸುತ್ತ ನನ್ನ ಕಡೆ ನೋಡದೆ ಹೇಳಿದ, “ನಂದೂ ಇಷ್ಟ ಐತ್ರಿ, ಮುದ್ದೇಬಿಹಾಳದಾಗ. ಹೋದ ಸಲ ಹೋದಾಗ ನನ್ನ ನೋಡಿ ಅವರವ್ವನ ಸೆರಗಿನಾಗ ಹೊಕ್ಕಿತ್ರಿ.”

ನಾನು ಅವನ ಪಕ್ಕದಲ್ಲಿ ಕುಳಿತೆ. ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದಳು. ಚಹಾ ಮುಗಿಯುವವರೆಗೆ ನಾವಿಬ್ಬರೂ ನೌಕರಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.