ಬಟ್ಟಲಿನ ಸರದಿಯಲ್ಲಿ ನನ್ನ ಮುಂದೆ ನುಗ್ಗಿದವಳು

ಕೇಳಿರಮ್ಮ, ಇವತ್ತು ವಿಶಾಖಪಟ್ಟಣದ ಗಾಜುವಾಕದಲ್ಲಿರುವ ನಮ್ಮ ಚರ್ಚಿನಲ್ಲಿ ನಡೆದದ್ದು. ಪ್ರಭುಭೋಜನದ ದ್ರಾಕ್ಷಾರಸವನ್ನು ನಮ್ಮಲ್ಲಿ ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯುತ್ತೇವೆ. ಮರಿಯಮ್ಮನಿಗೆ ಕುಷ್ಠ ವಾಸಿಯಾಗಿ ವರ್ಷಗಳಾದವು, ಆದರೂ ಅವಳನ್ನು ಸಾಲಿನ ಕೊನೆಗೇ ತಳ್ಳುತ್ತಾರೆ. ಇವತ್ತಂತೂ ಬ್ಯಾಂಕ್ ಆಫೀಸರ್ ಹೆಂಡತಿ ಕೊಡೆಯ ತುದಿಯಿಂದ ಅವಳನ್ನು ಹಿಂದಕ್ಕೆ ತಿವಿದಳು. ಮರಿಯಮ್ಮ, "ಪರವಾಗಿಲ್ಲಮ್ಮ, ಅಭ್ಯಾಸವಾಗಿದೆ" ಎಂದಳು.

ನನಗೆ ತಡೆಯಲಾಗಲಿಲ್ಲ. "ದೇವರೇ, ಇಷ್ಟು ಜನರಲ್ಲಿ ಒಬ್ಬರಿಗಾದರೂ ಕರುಳು ಕೊಟ್ಟಿದ್ದರೆ ತೋರಿಸು" ಎಂದು ಬೇಡಿಕೊಂಡು, ಅವಳ ಮೊಂಡು ಕೈ ಹಿಡಿದು ಎಲ್ಲರಿಗಿಂತ ಮುಂದೆ ಮಂಡಿಯೂರಿಸಿದೆ. ಪಾದ್ರಿಗಳು ಮೊದಲು ಅವಳಿಗೇ ಕುಡಿಸಿದರು.

ತಕ್ಷಣ ಚರ್ಚಿಗೆ ಚರ್ಚೇ ಕೆಮ್ಮತೊಡಗಿತು. ಆಫೀಸರ್ ಹೆಂಡತಿಗೆ ಟೀವಿ ಧಾರಾವಾಹಿಯ ಹೊತ್ತು ನೆನಪಾಯಿತು. ಮರಿಯಮ್ಮ ತಲೆ ತಗ್ಗಿಸಿದಳು. ನಾನು ಸೀರೆ ಸರಿಮಾಡಿಕೊಂಡು ಮಂಡಿಯೂರುವಷ್ಟರಲ್ಲಿ, "ಸ್ವಲ್ಪ ಜರುಗಿ, ಅತ್ತಯ್ಯಾ" ಎಂದು ಒಬ್ಬಳು ನುಸುಳಿಬಿಟ್ಟಳು. ನನ್ನ ವಿಜಯವಾಡದ ಸೊಸೆ! ಮದುವೆಯಾದಾಗಿನಿಂದ ನನ್ನ ಸಾರಿಗೆ ಖಾರ ಸುರಿಯುತ್ತಿರುವವಳು. ಮರಿಯಮ್ಮನ ಭುಜಕ್ಕೆ ಭುಜ ತಾಗಿಸಿ ಮಂಡಿಯೂರಿ ಗಟಗಟ ಕುಡಿದಳು. ಕೊನೆಗೆ ಪಾದ್ರಿಗಳೇ ಬಟ್ಟಲು ಎಳೆದುಕೊಳ್ಳಬೇಕಾಯಿತು. ಮರಿಯಮ್ಮ ನಕ್ಕಳು. ಆಮೇಲೆ ಕೆಮ್ಮುತ್ತಿದ್ದವರೂ ಒಬ್ಬೊಬ್ಬರಾಗಿ ಬಂದರು.

ಕೇಳಿದ್ದನ್ನು ದೇವರು ತೋರಿಸಿದ. ಮನುಷ್ಯರ ಮೇಲೆ ನನಗೆ ಮತ್ತೆ ನಂಬಿಕೆ ಬಂದಿದೆ, ಸುಳ್ಳು ಹೇಳುವುದಿಲ್ಲ. ಆದರೆ ಇಷ್ಟು ದೊಡ್ಡ ವಿಶಾಖಪಟ್ಟಣದಲ್ಲಿ ಅವನಿಗೆ ನನ್ನ ಸೊಸೆಯೇ ಸಿಗಬೇಕಿತ್ತೇ?